ಬ್ಯಾಟರಿ ಡಿಕ್ಕಿಗೆ ಹಾಕುವ ಮುಂಚೆ: ಫ್ಯೂಸ್, ಕೇಬಲ್, ಅರ್ತ್

ನಮಸ್ಕಾರ. ಟರ್ಬೊ ಪೈಪಿಗೆ ಬಾನೆಟ್ ಒಳಗೆ ಜಾಗ ಸಾಲುತ್ತಿಲ್ಲ, ಬ್ಯಾಟರಿಯನ್ನು ಡಿಕ್ಕಿಗೆ ಹಾಕಬೇಕು, 16 ಸ್ಕ್ವೇರ್ ಎಂಎಂ ಕೇಬಲ್ ಸಾಕಾ, ಫ್ಯೂಸ್ ಬೇಕೇ ಬೇಕಾ, ನೆಗೆಟಿವ್‌ಗೂ ಮುಂದಿನವರೆಗೆ ಕೇಬಲ್ ಎಳೆಯಬೇಕಾ ಅಂತ ಕೇಳಿದ್ದೀರಿ. ಈ ಕೆಲಸವನ್ನು ನನ್ನ ಕಾರಿನಲ್ಲಿ ಮಾಡಿದ್ದೇನೆ, ಗೆಳೆಯರ ಇನ್ನೆರಡು ಕಾರುಗಳಿಗೂ ಕೈ ಹಾಕಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಫ್ಯೂಸ್ ಬೇಕೇ ಬೇಕು. ಬ್ಯಾಟರಿ ಮುಂದಿರುವಾಗ ಸ್ಟಾರ್ಟರ್ ಕೇಬಲ್‌ಗೆ ಎಷ್ಟೋ ಕಾರುಗಳಲ್ಲಿ ಫ್ಯೂಸ್ ಇರುವುದಿಲ್ಲ, ಹಿಂದೆ ಹಾಕಿದರೆ ಯಾಕೆ ಅಂತ ಕೇಳುವವರಿದ್ದಾರೆ. ಅಲ್ಲಿ ಕೇಬಲ್ ಒಂದು ಮೀಟರ್ ಆಸುಪಾಸು, ಅದೂ ಕಣ್ಣೆದುರಿಗೆ. ಇಲ್ಲಿ ನಾಲ್ಕೈದು ಮೀಟರ್, ಕಾರ್ಪೆಟ್ ಅಡಿಯಲ್ಲಿ, ತಗಡಿನ ಅಂಚುಗಳ ಪಕ್ಕದಲ್ಲಿ, ಜನ ಕೂರುವ ಜಾಗದಲ್ಲಿ. ಒಂದೇ ಕಡೆ ಸಿಪ್ಪೆ ಸವೆದು ಬಾಡಿಗೆ ತಾಗಿದರೂ ನೂರಾರು ಆಂಪಿಯರ್ ಹರಿದು ಕಾರ್ಪೆಟ್ ಹೊತ್ತಿಕೊಳ್ಳುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಬ್ಯಾಟರಿಯನ್ನು ಹಿಂದೆ ಇಡುವ ಹಲವು ಬಿಎಂಡಬ್ಲ್ಯು ಕಾರುಗಳಲ್ಲಿ ಅಪಘಾತವಾದಾಗ ಸಣ್ಣ ಸಿಡಿಮದ್ದಿನಿಂದ ಆ ಕೇಬಲ್ಲನ್ನೇ ಟರ್ಮಿನಲ್‌ನಿಂದ ಬಿಡಿಸುವ ವ್ಯವಸ್ಥೆ ಇದೆ. ನಮಗೆ ಅದಿಲ್ಲ, ಫ್ಯೂಸ್ ಒಂದೇ ಗತಿ.

ಅದು ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನಲ್ಲಿ ಇರಲಿ, ಹೆಚ್ಚೆಂದರೆ ಒಂದು ಮೊಳ. ಫ್ಯೂಸಿಗಿಂತ ಹಿಂದಿನ ತುಂಡಿಗೆ ಯಾವ ರಕ್ಷಣೆಯೂ ಇಲ್ಲ, ಅಲ್ವಾ? ಸಣ್ಣ ಪೆಟ್ರೋಲ್ ಎಂಜಿನ್ ತಿರುಗಿಸುವಾಗ ಸ್ಟಾರ್ಟರ್ 150ರಿಂದ 200 ಆಂಪಿಯರ್ ಎಳೆಯುತ್ತದೆ, ಶುರುವಿನ ಕ್ಷಣದಲ್ಲಿ ಇನ್ನೂ ಜಾಸ್ತಿ. ಕ್ಷಣದ ಏರಿಕೆಯನ್ನು ತಡೆದುಕೊಳ್ಳುವ 250 ಅಥವಾ 300 ಆಂಪಿಯರ್‌ನ ಮೆಗಾ ಫ್ಯೂಸ್ (ಬೋಲ್ಟ್ ಹಾಕಿ ಬಿಗಿಯುವ ದೊಡ್ಡ ಫ್ಯೂಸ್) ಸಾಮಾನ್ಯವಾಗಿ ಸರಿಹೋಗುತ್ತದೆ. ಡೀಸೆಲ್ ಆದರೆ ಇನ್ನೂ ದೊಡ್ಡದು ಬೇಕಾಗಬಹುದು.

ಕೇಬಲ್ ವಿಷಯಕ್ಕೆ ಬಂದರೆ, 16 ಬೇಡ. ಐದು ಮೀಟರ್ ತಾಮ್ರದ ಕೇಬಲ್‌ನಲ್ಲಿ 200 ಆಂಪಿಯರ್ ಹರಿದರೆ 16ರಲ್ಲಿ ಒಂದು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. 35ರಲ್ಲಿ ಸುಮಾರು ಅರ್ಧ ವೋಲ್ಟ್, 50ರಲ್ಲಿ 0.34 ವೋಲ್ಟ್. ನಾನಾದರೆ 50 ಹಾಕುತ್ತೇನೆ, 35ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕೊಳ್ಳುವಾಗ ತುದಿಯ ಒಂದು ಎಳೆಯನ್ನು ಬ್ಲೇಡ್‌ನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಇರಬಹುದು. ಎಷ್ಟೇ ದಪ್ಪ ಕಂಡರೂ ಬೇಡ. ಲಗ್‌ಗಳನ್ನು, ಅಂದರೆ ಕೇಬಲ್ ತುದಿಗೆ ಹಾಕುವ ತೂತಿರುವ ಲೋಹದ ತುಂಡುಗಳನ್ನು, ಹೈಡ್ರಾಲಿಕ್ ಕ್ರಿಂಪರ್‌ನಲ್ಲೇ ಒತ್ತಿಸಿ. ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ ಲಗ್ ಇವತ್ತು ಗಟ್ಟಿ ಕಾಣಬಹುದು, ವರ್ಷ ಕಳೆದಂತೆ ಬಿಸಿಯಾಗಲು ಶುರುವಾಗುತ್ತದೆ.

ಇನ್ನು ಅರ್ತ್, ಅಂದರೆ ನೆಗೆಟಿವ್ ಬಾಡಿಗೆ ಸೇರುವ ಜಾಗ. ಹೆಚ್ಚಿನವರು ಎಡವುವುದು ಇಲ್ಲೇ. ತಗಡಿನ ಬಾಡಿಯೇ ದೊಡ್ಡ ವಾಹಕ, ಹಾಗಾಗಿ ಬೆಸುಗೆ ಹಾಕಿದ ಮಾಮೂಲಿ ಬಾಡಿ ಆದರೆ ನೆಗೆಟಿವ್ ಕೇಬಲ್ ಮುಂದಿನವರೆಗೆ ಬೇಕಿಲ್ಲ. ಡಿಕ್ಕಿಯಲ್ಲೇ ಗಟ್ಟಿ ಜಾಗ ನೋಡಿ ಅರ್ಧ ಮೀಟರ್ ಒಳಗೆ ಕೊಡಿ, ಆದರೆ ಪಾಸಿಟಿವ್‌ನಷ್ಟೇ ದಪ್ಪ ಇರಲಿ. ನನ್ನ ಕಾರಿನಲ್ಲಿ ಎಲ್ಲ ಮುಗಿಸಿದ ಮೇಲೆ ಎಂಜಿನ್ ಬಿಸಿ ಇದ್ದಾಗ ಸ್ಟಾರ್ಟರ್ ಎಳೆದೆಳೆದು ತಿರುಗುತ್ತಿತ್ತು. ಸ್ಟಾರ್ಟರ್ ತಿರುಗುವಾಗ ಮೀಟರ್ ಹಿಡಿದು ನೋಡಿದರೆ ದಾರಿಯಲ್ಲಿ ಹೋಗುತ್ತಿದ್ದದ್ದು ಪಾಸಿಟಿವ್ ಕಡೆ 0.4 ವೋಲ್ಟ್, ಅರ್ತ್ ಕಡೆ 1.1! ಬೋಲ್ಟ್ ಬಿಚ್ಚಿದೆ. ವಾಷರ್ ಕೂತಿದ್ದ ಜಾಗದಲ್ಲಿ ಉಂಗುರದ ಹಾಗೆ ಬೂದು ಬಣ್ಣದ ಪ್ರೈಮರ್ ಹಾಗೇ ಉಳಿದಿತ್ತು. ಮೇಲಿನ ಬಣ್ಣ ಮಾತ್ರ ಹೋಗಿತ್ತು. ತಗಡು ಫಳಫಳ ಹೊಳೆಯುವ ತನಕ ತಂತಿ ಬ್ರಷ್‌ನಲ್ಲಿ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಬಣ್ಣ ಬಳಿದೆ. 0.1ಕ್ಕೆ ಇಳಿಯಿತು.

ಇನ್ನೊಂದು ತುದಿಯೂ ಇದೆ. ಬ್ಯಾಟರಿ ಮುಂದಿದ್ದಾಗ ಸಾಮಾನ್ಯವಾಗಿ ದಪ್ಪ ನೆಗೆಟಿವ್ ಕೇಬಲ್ ನೇರ ಎಂಜಿನ್‌ಗೋ ಗೇರ್‌ಬಾಕ್ಸ್‌ಗೋ ಹೋಗಿರುತ್ತದೆ. ಅದನ್ನು ಬಿಚ್ಚಿದ ಮೇಲೆ ಸ್ಟಾರ್ಟರ್‌ನ ಪೂರ್ತಿ ಕರೆಂಟ್ ಬಾಡಿಯಿಂದ ಎಂಜಿನ್‌ಗೆ ಹೋಗಬೇಕು. ಬಾಡಿಗೂ ಎಂಜಿನ್‌ಗೂ ನಡುವೆ ಉಳಿದಿರುವ, ತಂತಿ ಹೆಣೆದ ಸಣ್ಣ ಜಡೆ ಪಟ್ಟಿಗೆ ಅಷ್ಟು ತಾಕತ್ತಿಲ್ಲ. ಗೆಳೆಯರ ಕಾರಿನಲ್ಲಿ ಇದನ್ನು ಮರೆತಿದ್ದರು. ಕರೆಂಟ್ ಕ್ಲಚ್ ಕೇಬಲ್ ಒಳಗಿಂದ ದಾರಿ ಹುಡುಕಿಕೊಂಡು, ಮೇಲಿನ ಪ್ಲಾಸ್ಟಿಕ್ ಕರಗಿ ಒಳಗಿನ ತಂತಿಗೆ ಅಂಟಿತ್ತು. ಪೆಡಲ್ ಗಟ್ಟಿಯಾದಾಗಲೇ ಗೊತ್ತಾಗಿದ್ದು. ಬಾಡಿಯಿಂದ ಎಂಜಿನ್‌ಗೆ ಅಷ್ಟೇ ದಪ್ಪದ ಹೊಸ ಕೇಬಲ್ ತಪ್ಪದೆ ಕೊಡಿ.

ಮುಂದೆ, ಹಳೆ ಪಾಸಿಟಿವ್ ತುದಿಗಳೆಲ್ಲ ಸೇರುವ ಜಾಗದಲ್ಲಿ ಮುಚ್ಚಳ ಇರುವ ಇನ್ಸುಲೇಟೆಡ್ ಸ್ಟಡ್ (ಬಾಡಿಗೆ ತಾಗದಂತೆ ಕೂರುವ ಬೋಲ್ಟ್) ಕೂರಿಸಿ, ಹೊಸ ಕೇಬಲ್ಲನ್ನು ಅಲ್ಲಿಗೆ ತನ್ನಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್ ವೈರಿಂಗ್ ಮುಟ್ಟುವುದೇ ಬೇಡ. ಜಂಪ್ ಸ್ಟಾರ್ಟ್‌ಗೂ ಅದೇ ಸ್ಟಡ್ ಆಗುತ್ತದೆ. ಡಿಕ್ಕಿ ಲಾಕ್ ಕರೆಂಟ್‌ನಲ್ಲಿ ಮಾತ್ರ ತೆರೆಯುವ ಕಾರಾದರೆ, ಬ್ಯಾಟರಿ ಸತ್ತಾಗ ಇದಿಲ್ಲದೆ ಡಿಕ್ಕಿಯೇ ತೆರೆಯುವುದಿಲ್ಲ. ನೆಗೆಟಿವ್ ಟರ್ಮಿನಲ್ ಮೇಲೆ ಬ್ಯಾಟರಿ ಕರೆಂಟ್ ಅಳೆಯುವ ಸೆನ್ಸರ್ ಇದ್ದರೆ ಅದೂ ಹೊಸ ನೆಗೆಟಿವ್ ಮೇಲೇ ಬರಬೇಕು.

ಕೇಬಲ್ ತಗಡನ್ನು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೊಮೆಟ್, ಉದ್ದಕ್ಕೂ ಸುಕ್ಕು ಪೈಪ್. ಸೀಟಿನ ಹಳಿ, ಸೈಲೆನ್ಸರ್, ಪೆಟ್ರೋಲ್ ಪೈಪ್ ಮೂರರಿಂದಲೂ ದೂರ.

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಶೇಕಡ 4 ಸೇರಿದರೆ ಕಿಡಿಗೆ ಸಿಡಿಯುತ್ತದೆ. ಹಾಗಾಗಿ ಎಜಿಎಂ ಬ್ಯಾಟರಿಯೇ (ಗ್ಯಾಸ್ ತೀರಾ ಕಡಿಮೆ ಹೊರಬಿಡುವ ಸೀಲ್ಡ್ ಬ್ಯಾಟರಿ) ಒಳ್ಳೆಯದು. ಅದಕ್ಕೂ ತೆರಪಿನ ತೂತು ಇದ್ದರೆ ಸಣ್ಣ ಪೈಪ್ ಹಾಕಿ ಕಾರಿನ ಹೊರಗೆ ಬಿಡಿ. ಕೂರಿಸುವುದಂತೂ ಗಟ್ಟಿ ಇರಲೇಬೇಕು. 15 ಕೆಜಿ ಬ್ಯಾಟರಿಗೆ ಅಪಘಾತದಲ್ಲಿ 20 ಜಿ, ಅಂದರೆ ತನ್ನ ತೂಕದ 20 ಪಟ್ಟು ಹೊಡೆತ ಬಿದ್ದರೆ 300 ಕೆಜಿಯಷ್ಟು ಬಲದಲ್ಲಿ ಹಿಂದಿನ ಸೀಟಿನ ಕಡೆ ನುಗ್ಗುತ್ತದೆ. ಕಬ್ಬಿಣದ ಪಟ್ಟಿ, ಎಂ8 ಬೋಲ್ಟ್, ತಗಡಿನ ಕೆಳಗೆ ಅಗಲ ಪ್ಲೇಟ್. ಬಟ್ಟೆ ಬೆಲ್ಟ್ ಸಾಲದು.

ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಮುಗಿದ ಮೇಲೆ ಒಬ್ಬರು ಕೀ ತಿರುಗಿಸಿ ಸ್ಟಾರ್ಟರ್ ಓಡಿಸುವಾಗ ಬ್ಯಾಟರಿ ಪಾಸಿಟಿವ್‌ನಿಂದ ಸ್ಟಾರ್ಟರ್ ಸ್ಟಡ್‌ಗೆ ಅಳೆಯಿರಿ, 0.5 ವೋಲ್ಟ್ ಮೀರಬಾರದು. ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕ್‌ಗೆ 0.2ರ ಆಸುಪಾಸು ಇರಲಿ.

ಕೇಬಲ್ ಕೊಳ್ಳುವ ಮುಂಚೆ, ಅದು ಹೋಗುವ ದಾರಿಯಲ್ಲೇ ಒಂದು ಹಗ್ಗ ಹಾಯಿಸಿ ಅಳತೆ ತೆಗೆದುಕೊಳ್ಳಿ. ಆ ಉದ್ದ ಮತ್ತು ನಿಮ್ಮ ಎಂಜಿನ್ ಎಷ್ಟು ಸಿಸಿ ಅಂತ ಇಲ್ಲೇ ಬರೆಯಿರಿ, ಕೇಬಲ್ಲೂ ಫ್ಯೂಸೂ ಲೆಕ್ಕ ಹಾಕಿ ಹೇಳುತ್ತೇನೆ.