ಮಧ್ಯಾಹ್ನ ವಾಲ್ಯೂಮ್ ಎಲ್ಲಿ ಹೋಗುತ್ತೆ?

ಪ್ರಶ್ನೆ: ನಿಫ್ಟಿ ಫ್ಯೂಚರ್ಸ್‌ನ (ನಿಫ್ಟಿ ಸೂಚ್ಯಂಕವನ್ನು ಮುಂದಿನ ದಿನಾಂಕಕ್ಕೆ ಕೊಂಡು ಮಾರುವ ಕಾಂಟ್ರಾಕ್ಟ್) ಐದು ನಿಮಿಷದ ಚಾರ್ಟ್ ದಿನಾ ನೋಡ್ತೀನಿ. ಬೆಳಿಗ್ಗೆ ವಾಲ್ಯೂಮ್ (ಎಷ್ಟು ವಹಿವಾಟು ನಡೆಯಿತು ಅನ್ನುವ ಲೆಕ್ಕ) ಬಾರ್ ಉದ್ದಕ್ಕೆ ಎದ್ದಿರುತ್ತೆ, ಹನ್ನೆರಡರ ಹೊತ್ತಿಗೆ ನೆಲ ಕಚ್ಚುತ್ತೆ, ಮೂರು ಗಂಟೆಗೆ ಮತ್ತೆ ಏಳುತ್ತೆ. ಮಧ್ಯಾಹ್ನ ದೊಡ್ಡವರು ಕೈ ತೊಳೆದುಕೊಂಡು ಹೋಗಿಬಿಡ್ತಾರಾ? ವಾಲ್ಯೂಮ್ ಜಾಸ್ತಿ ಇದ್ದರೆ ಬ್ರೇಕ್‌ಔಟ್ (ಬೆಲೆ ತಾನು ಸುತ್ತುತ್ತಿದ್ದ ಮಿತಿ ದಾಟುವುದು) ನಂಬಬಹುದು ಅಂತಾರಲ್ಲ, ಹಾಗಾಗಿ ಬೆಳಿಗ್ಗೆ ಮಾತ್ರ ಟ್ರೇಡ್ ಮಾಡ್ತೀನಿ. ಸರೀನಾ?
— ರಾಜಾಜಿನಗರದ ಓದುಗರು

ಉತ್ತರ: ನೀವು ಕಂಡದ್ದು ಸರಿ. ಅದರಿಂದ ಕಟ್ಟಿದ ಲೆಕ್ಕ ಸರಿಯಿಲ್ಲ.

ಈ ಏರಿಳಿತ ಹೆಚ್ಚುಕಡಿಮೆ ಪ್ರತಿದಿನ ಇರುತ್ತದೆ, ಅಮೆರಿಕದ ಮಾರುಕಟ್ಟೆಯಲ್ಲೂ ಇದೆ. ಇದರ ಹಿಂದೆ ಯಾರ ಸಂಚೂ ಇಲ್ಲ. ನಮ್ಮ ಪೇಟೆ 3.30ಕ್ಕೆ ಮುಚ್ಚಿ ಮರುದಿನ 9.15ಕ್ಕೆ ತೆರೆಯುವ ತನಕ ಹದಿನೇಳೂ ಮುಕ್ಕಾಲು ಗಂಟೆ. ಅಷ್ಟರಲ್ಲಿ ಅಮೆರಿಕದ ಪೇಟೆ ತೆರೆದು ಮುಚ್ಚಿರುತ್ತದೆ, ಸಂಜೆ ಕಂಪನಿಗಳ ಫಲಿತಾಂಶ ಬಂದಿರುತ್ತದೆ, ಕಚ್ಚಾ ತೈಲದ ಬೆಲೆ ಬದಲಾಗಿರುತ್ತದೆ. ಇದೆಲ್ಲಾ ಬೆಲೆಯೊಳಗೆ ಸೇರಬೇಕಲ್ವಾ? ರಾತ್ರಿಯಿಡೀ ಪೊಸಿಷನ್ (ಇನ್ನೂ ಮುಗಿಸದ ವಹಿವಾಟು) ಹಿಡಿದು ಕೂತವರು ಅದನ್ನು ಕಡಿಮೆ ಮಾಡಬೇಕು, ಇಲ್ಲವೇ ಹೆಚ್ಚಿಸಬೇಕು. ಹೀಗೆ ಎಲ್ಲರ ಬಾಕಿ ಕೆಲಸವೂ ಮೊದಲ ಅರ್ಧ ಮುಕ್ಕಾಲು ಗಂಟೆಯಲ್ಲೇ ಬಂದು ಬೀಳುತ್ತದೆ. ಆಮೇಲೆ ಹೊಸ ಸುದ್ದಿ ಇಲ್ಲದಿದ್ದರೆ ಹೊಸ ಕೆಲಸವೂ ಇಲ್ಲ. ಮಧ್ಯಾಹ್ನ ಬಾರ್ ಕುಗ್ಗುವುದಕ್ಕೆ ಇದೇ ಕಾರಣ. ರಿಸರ್ವ್ ಬ್ಯಾಂಕ್ ಬಡ್ಡಿದರ ಪ್ರಕಟಿಸುವ ದಿನ ಮಾತ್ರ ಲೆಕ್ಕ ಬೇರೆ. ಗವರ್ನರ್ ಬೆಳಿಗ್ಗೆ 10ಕ್ಕೆ ಮಾತು ಶುರು ಮಾಡುತ್ತಾರೆ, ಆಗ ವಾಲ್ಯೂಮ್ ಮತ್ತೊಮ್ಮೆ ಏಳುವುದನ್ನು ನೋಡಬಹುದು.

ಮಧ್ಯಾಹ್ನದ ನಂತರ ಯುರೋಪ್ ಎದ್ದು ಕೂರುತ್ತದೆ. ಲಂಡನ್ ಪೇಟೆ ಅಲ್ಲಿನ ಸಮಯ 8ಕ್ಕೆ ತೆರೆಯುತ್ತದೆ, ಅಂದರೆ ಅವರ ಬೇಸಿಗೆಯಲ್ಲಿ ನಮಗೆ 12.30, ಚಳಿಗಾಲದಲ್ಲಿ 1.30. ಕೊನೆಯ ಅರ್ಧ ಗಂಟೆಯ ಗದ್ದಲಕ್ಕೆ ಬೇರೆಯೇ ಕಾರಣಗಳಿವೆ. ಇಂಟ್ರಾಡೇ, ಅಂದರೆ ಒಂದೇ ದಿನದ ವಹಿವಾಟು, ಮಾಡಿದವರು ಆ ದಿನವೇ ಮುಗಿಸಬೇಕು. ಅವರು ಮುಗಿಸದಿದ್ದರೆ ಬ್ರೋಕರ್‌ನವರೇ ಕೊನೆಯ ಹದಿನೈದು ನಿಮಿಷದ ಆಸುಪಾಸಿನಲ್ಲಿ ಸ್ಕ್ವೇರ್ ಆಫ್ ಮಾಡಿ, ಅಂದರೆ ಕೊಂಡದ್ದನ್ನು ಮಾರಿ ಅಥವಾ ಮಾರಿದ್ದನ್ನು ಕೊಂಡು, ಲೆಕ್ಕ ಮುಗಿಸಿಬಿಡುತ್ತಾರೆ. ದೊಡ್ಡ ಫಂಡ್‌ಗಳಿಗೆ ದಿನದ ಕ್ಲೋಸಿಂಗ್ ಬೆಲೆಗೆ ಹತ್ತಿರದಲ್ಲಿ ಕೊಂಡು ಮಾರುವುದು ಬೇಕಾಗಿರುತ್ತದೆ. ಆ ಬೆಲೆಯನ್ನು ಕೊನೆಯ ಅರ್ಧ ಗಂಟೆಯ ವಹಿವಾಟಿನ ಸರಾಸರಿಯಿಂದ ಲೆಕ್ಕ ಹಾಕುವುದು ಬಹಳ ವರ್ಷಗಳಿಂದ ನಡೆದು ಬಂದಿದೆ. ನಿಫ್ಟಿ ಎಕ್ಸ್‌ಪೈರಿ, ಅಂದರೆ ಕಾಂಟ್ರಾಕ್ಟ್ ಮುಗಿಯುವ ದಿನ, 2025ರ ಸೆಪ್ಟೆಂಬರ್‌ನಿಂದ ಮಂಗಳವಾರಕ್ಕೆ ಬಂದಿದೆ, ಗೊತ್ತಿರಬೇಕು. ಎಕ್ಸ್‌ಪೈರಿ ದಿನದ ಕೊನೆಯ ಅರ್ಧ ಗಂಟೆಯನ್ನು ಉಳಿದ ದಿನಗಳ ಜೊತೆ ಹೋಲಿಸಲೇಬೇಡಿ.

ಇನ್ನೂ ಒಂದು ಕಾರಣವಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 1988ರಲ್ಲಿ ಅನಾತ್ ಅಡ್ಮಾಟಿ, ಪಾಲ್ ಫ್ಲೈಡರರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಬಿಡಿಸಿ ಬರೆದರು. ಗುಟ್ಟಿನ ಮಾಹಿತಿ ಏನೂ ಇಲ್ಲದೆ, ಸುಮ್ನೆ ತಮ್ಮ ಅಗತ್ಯಕ್ಕೆ ಕೊಂಡು ಮಾರುವವರು, ಸಮಯ ಆಯ್ದುಕೊಳ್ಳುವ ಸ್ವಾತಂತ್ರ್ಯ ಇದ್ದರೆ, ಬೇರೆಯವರೂ ಇರುವ ಹೊತ್ತಿಗೇ ಬರುತ್ತಾರೆ. ಜನ ಇದ್ದಲ್ಲಿ ಖರ್ಚು ಕಡಿಮೆ. ಜನ ಸೇರುವುದರಿಂದಲೇ ಇನ್ನಷ್ಟು ಜನ ಸೇರುತ್ತಾರೆ. ಕೆ.ಆರ್. ಮಾರ್ಕೆಟ್‌ಗೆ ಹೂವಿನವರು ಬೆಳಗಿನ ಜಾವವೇ ಬರುವುದು ಕೊಳ್ಳುವವರು ಆಗ ಇರುತ್ತಾರೆ ಅಂತ, ಕೊಳ್ಳುವವರು ಬರುವುದು ಹೂವು ಆಗ ಇರುತ್ತೆ ಅಂತ, ಹಾಗೆ ಇದು.

ಈಗ ನಿಮ್ಮ ಬ್ರೇಕ್‌ಔಟ್ ವಿಷಯ. ಸುಮ್ನೆ ಒಂದು ಉದಾಹರಣೆ ತೆಗೆದುಕೊಳ್ಳೋಣ, ಅಂಕಿ ನನ್ನ ಕಲ್ಪನೆಯವು. 9.15ರಿಂದ 9.20ರ ಬಾರ್‌ನಲ್ಲಿ ದಿನಾ ಸರಾಸರಿ 100 ಪಾಲು ವಹಿವಾಟು, 12.40ರ ಬಾರ್‌ನಲ್ಲಿ 15 ಪಾಲು ಅಂದುಕೊಳ್ಳಿ. ಇವತ್ತು ಬೆಳಿಗ್ಗೆ 90 ಬಂತು, 12.40ಕ್ಕೆ 45 ಬಂತು. ಚಾರ್ಟ್‌ನಲ್ಲಿ ಕಣ್ಣಿಗೆ ಹೊಡೆಯುವುದು ಬೆಳಗಿನ 90ರ ಬಾರ್. ನಿಜ ನೋಡಿದರೆ ಅದು ಮಾಮೂಲಿಗಿಂತ ಕಡಿಮೆ. 12.40ರ ಗಿಡ್ಡ ಬಾರ್ ಆ ಹೊತ್ತಿನ ಸರಾಸರಿಯ ಮೂರು ಪಟ್ಟು, ಅಲ್ಲೇ ಏನೋ ಆಗಿದೆ. ನೀವು ಮೊದಲನೆಯದನ್ನು ನಂಬಿ ಎರಡನೆಯದನ್ನು ಬಿಟ್ಟುಬಿಡುತ್ತಿದ್ದೀರಿ. ಚಾರ್ಟ್‌ನ ಮೇಲೆ ಹಾಕುವ ವಾಲ್ಯೂಮ್ ಸರಾಸರಿ ಗೆರೆ ಹಿಂದಿನ ಇಪ್ಪತ್ತು ಬಾರ್‌ಗಳದ್ದಾಗಿದ್ದರೆ ಅದೂ ಮೋಸ ಮಾಡುತ್ತದೆ. ಹನ್ನೊಂದರ ಹೊತ್ತಿಗೂ ಅದು ಬೆಳಗಿನ ಗದ್ದಲವನ್ನೇ ಹೊತ್ತುಕೊಂಡಿರುತ್ತದೆ. ಎಕ್ಸೆಲ್‌ನಲ್ಲಿ ಒಂದೊಂದು ಐದು ನಿಮಿಷಕ್ಕೆ ಒಂದೊಂದು ಸಾಲು ಮಾಡಿ, ಹಿಂದಿನ ಇಪ್ಪತ್ತು ದಿನ ಅದೇ ಐದು ನಿಮಿಷದಲ್ಲಿ ಎಷ್ಟಿತ್ತು ಅಂತ ಸರಾಸರಿ ತೆಗೆಯಿರಿ, ಎಕ್ಸ್‌ಪೈರಿ ದಿನಗಳನ್ನು ಬೇರೆ ಹಾಳೆಯಲ್ಲಿಡಿ. ಒಂದು ಭಾನುವಾರದ ಕೆಲಸ, ಅಷ್ಟೇ.

ಇನ್ನೊಂದು ಜಾಗದಲ್ಲೂ ಜನ ಎಡವುತ್ತಾರೆ. ತಿಂಗಳ ಕೊನೆಯ ವಾರ ಎಲ್ಲರೂ ಮುಂದಿನ ತಿಂಗಳ ಕಾಂಟ್ರಾಕ್ಟ್‌ಗೆ ರೋಲ್‌ಓವರ್ ಮಾಡುತ್ತಾರೆ, ಅಂದರೆ ಈ ತಿಂಗಳದ್ದನ್ನು ಮುಗಿಸಿ ಮುಂದಿನದಕ್ಕೆ ದಾಟಿಕೊಳ್ಳುತ್ತಾರೆ. ಆಗ ಮುಂದಿನ ತಿಂಗಳ ಚಾರ್ಟ್‌ನಲ್ಲಿ ಇಡೀ ದಿನ ವಾಲ್ಯೂಮ್ ಏರುತ್ತಾ ಹೋಗುತ್ತದೆ, ಅದಕ್ಕೂ ಮಾರುಕಟ್ಟೆ ಮೇಲೆ ಹೋಗುವುದಕ್ಕೂ ಸಂಬಂಧವಿಲ್ಲ. ಎರಡು ತಿಂಗಳನ್ನೂ ಕೂಡಿಸಿ ನೋಡಿ.

ಬೆಳಿಗ್ಗೆ ಮಾತ್ರ ಟ್ರೇಡ್ ಮಾಡಬೇಕಾ ಅಂದರೆ, ವಾಲ್ಯೂಮ್ ಜಾಸ್ತಿ ಇದ್ದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ. ಮೊದಲ ಐದು ನಿಮಿಷ ಬೆಲೆ ಓಡುವ ವೇಗವೂ ಜಾಸ್ತಿ. ಆರ್ಡರ್ ಹಾಕುವ ಮುಂಚೆ ಮಾರ್ಕೆಟ್ ಡೆಪ್ತ್ ತೆರೆದು ನೋಡಿ: ಎಡಗಡೆ ಕೊಳ್ಳುವವರ ಐದು ಬೆಲೆ, ಬಲಗಡೆ ಮಾರುವವರ ಐದು ಬೆಲೆ. ಎರಡರ ನಡುವಿನ ಅಂತರ, ಪ್ರತಿ ಬೆಲೆಗೂ ಎಷ್ಟು ಲಾಟ್ (ವಹಿವಾಟಿನ ಕನಿಷ್ಠ ಕಟ್ಟು) ನಿಂತಿದೆ ಅನ್ನುವುದು ಗಡಿಯಾರಕ್ಕಿಂತ ನಿಖರವಾಗಿ ವಿಷಯ ಹೇಳುತ್ತವೆ. ಅಂತರ ದೊಡ್ಡದಿದ್ದರೆ ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬೇಡ, ಬೆಲೆ ನೀವೇ ಗೊತ್ತುಮಾಡುವ ಲಿಮಿಟ್ ಆರ್ಡರ್ ಹಾಕಿ. ದೂರದ ತಿಂಗಳ ಕಾಂಟ್ರಾಕ್ಟ್‌ನಲ್ಲಿ ಅದರಲ್ಲೂ ಮಧ್ಯಾಹ್ನ ಇದು ಖಂಡಿತ ಬೇಕು.

ಕಳಕಳಿಯಿಂದ ಒಂದು ಮಾತು ಹೇಳಲೇಬೇಕು. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡರು. ಸಮಯ ಸರಿಯಾಗಿ ಆರಿಸಿಕೊಂಡರೆ ಖರ್ಚು ಒಂದಿಷ್ಟು ಉಳಿಯುತ್ತದೆ. ಲಾಭ ಬರುವ ಉಪಾಯ ನಿಮ್ಮ ಹತ್ತಿರ ಬೇರೆ ಇರಬೇಕು. ಅದಿಲ್ಲದಿದ್ದರೆ ಸಾಲದ ದುಡ್ಡು, ಮನೆಯ ದುಡ್ಡು ದಯವಿಟ್ಟು ಹಾಕಬೇಡಿ.

ಪ್ರಶ್ನೆ: ನನ್ನ ಕೆಲಸ ಔಟರ್ ರಿಂಗ್ ರೋಡ್‌ನಲ್ಲಿ, ಬಿಡುವು ಸಿಗೋದು ರಾತ್ರಿ ಎಂಟರ ಮೇಲೆ. ಗಿಫ್ಟ್ ನಿಫ್ಟಿ ರಾತ್ರಿಯೂ ನಡೆಯುತ್ತಲ್ಲ, ಅದನ್ನು ನೋಡಿ ಮರುದಿನ ಹೇಗಿರುತ್ತೆ ಅಂತ ಹೇಳಬಹುದಾ?
— ಬೆಳ್ಳಂದೂರಿನ ಓದುಗರು

ಉತ್ತರ: ಸ್ವಲ್ಪ ಮಟ್ಟಿಗೆ ಹೇಳಬಹುದು, ಆದರೆ ಯಾವ ಹೊತ್ತಿನ ಬೆಲೆ ಅನ್ನುವುದು ಮುಖ್ಯ. ಗಿಫ್ಟ್ ನಿಫ್ಟಿ ಅಂದರೆ ನಿಫ್ಟಿಯದ್ದೇ ಫ್ಯೂಚರ್ಸ್. ಮುಂಚೆ ಸಿಂಗಪುರದಲ್ಲಿದ್ದ ಈ ವಹಿವಾಟು 2023ರ ಜುಲೈ 3ರಿಂದ ಗುಜರಾತಿನ ಗಿಫ್ಟ್ ಸಿಟಿಯಲ್ಲಿದೆ, ಡಾಲರ್‌ನಲ್ಲಿ ನಡೆಯುತ್ತದೆ, ಮುಖ್ಯವಾಗಿ ವಿದೇಶಿ ಹೂಡಿಕೆದಾರರಿಗೆ. ಸಂಜೆಯ ಅವಧಿ 4.35ಕ್ಕೆ ಶುರುವಾಗಿ ರಾತ್ರಿ 2.45ರವರೆಗೆ. ಅಮೆರಿಕದ ಷೇರುಪೇಟೆ ತೆರೆಯುವುದು ನಮ್ಮ ರಾತ್ರಿ 7ಕ್ಕೆ, ನವೆಂಬರ್‌ನಿಂದ ಮಾರ್ಚ್‌ವರೆಗೆ 8ಕ್ಕೆ. ಅವರು ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಹಾಗಾಗಿ ಸಂಜೆ ಐದೂವರೆಗೆ ಬೆಲೆ ಮೂವತ್ತು ಪಾಯಿಂಟ್ ಜಾರಿದರೆ ತಲೆಕೆಡಿಸಿಕೊಳ್ಳಬೇಡಿ. ಅಮೆರಿಕ ತೆರೆದು ಒಂದು ಗಂಟೆಯಾದ ಮೇಲೆ ಏನಾಗುತ್ತಿದೆ ನೋಡಿ. ಅಮೆರಿಕದ ಎಸ್ ಅಂಡ್ ಪಿ 500 ಫ್ಯೂಚರ್ಸ್‌ನದ್ದೂ ಇದೇ ಕಥೆ. ಅದು ದಿನಕ್ಕೆ ಸುಮಾರು 23 ಗಂಟೆ ತೆರೆದಿರುತ್ತದೆ, ಆದರೂ ವಹಿವಾಟಿನ ದೊಡ್ಡ ಪಾಲು ನ್ಯೂಯಾರ್ಕ್ ಷೇರುಪೇಟೆ ನಡೆಯುವ ಆರೂವರೆ ಗಂಟೆಯಲ್ಲೇ. ಬೆಳಿಗ್ಗೆ ಎದ್ದು ನೋಡುವುದಾದರೆ 6.30ಕ್ಕೆ ಹೊಸ ಅವಧಿ ಶುರುವಾಗಿರುತ್ತದೆ, ಎಂಟೂಕಾಲು ಎಂಟೂವರೆ ಹೊತ್ತಿಗೆ ಇಣುಕಿದರೆ ಸಾಕು.

ಪ್ರಶ್ನೆ: ನಾನು ಇಂಡೆಕ್ಸ್ ಫಂಡ್‌ನಲ್ಲಿ ತಿಂಗಳಿಗೊಮ್ಮೆ ಎಸ್‌ಐಪಿ ಕಟ್ಟುವ ನಿವೃತ್ತ. ನನಗೂ ಈ ಹೊತ್ತು ಗೊತ್ತು ಬೇಕಾ?
— ಬಸವನಗುಡಿಯ ಓದುಗರು

ಉತ್ತರ: ಬೇಡ ಸಾರ್. ನಿಮಗೆ ಸಿಗುವುದು ದಿನದ ಕೊನೆಯಲ್ಲಿ ಲೆಕ್ಕ ಹಾಕಿದ ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್‌ನ ಬೆಲೆ. ಬೆಳಿಗ್ಗೆ ಹತ್ತಕ್ಕೆ ಕಟ್ಟಿದರೂ ಮಧ್ಯಾಹ್ನ ಎರಡಕ್ಕೆ ಕಟ್ಟಿದರೂ, 3 ಗಂಟೆಯೊಳಗೆ ದುಡ್ಡು ಫಂಡಿಗೆ ತಲುಪಿದ್ದರೆ ಬೆಲೆ ಒಂದೇ. ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್ ಆದ ಇಟಿಎಫ್ ಕೊಳ್ಳುವುದಾದರೆ ಮಾತ್ರ ಮೊದಲ ಹತ್ತು ಹದಿನೈದು ನಿಮಿಷ ಬಿಟ್ಟು, ಲಿಮಿಟ್ ಆರ್ಡರ್ ಹಾಕಿ ಕೊಳ್ಳಿ.