ಹಂದಿ ಎಲ್ಲಾ ಮಾರಿ ಹೊಸದು ತಂದರೆ ರೋಗ ಹೋಗುತ್ತಾ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ, ಜೊತೆಗೆ ಸಣ್ಣದೊಂದು ಹಂದಿ ಫಾರಂ. ಹಾಲು ಬಿಟ್ಟ ಮರಿಗಳಿಗೆ ಒಣ ಕೆಮ್ಮು. ಸಾಯುವುದು ಕಮ್ಮಿ, ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಇಂಜೆಕ್ಷನ್ ಕೊಟ್ಟಾಗ ನಿಲ್ಲುತ್ತದೆ, ಮತ್ತೆ ಶುರು. ಎಲ್ಲಾ ಮಾರಿ ಶೆಡ್ ಖಾಲಿ ಮಾಡಿ, ಆಮೇಲೆ ಹೊಸ ಹಂದಿ ತನ್ನಿ ಅಂತ ಪಕ್ಕದ ತೋಟದವರು ಹೇಳುತ್ತಾರೆ. ಎಷ್ಟು ದಿನ ಖಾಲಿ ಬಿಡಬೇಕು? ಎರಡು ತಾಯಿ ಹಂದಿ ತುಂಬಾ ಚೆನ್ನಾಗಿವೆ, ಅವನ್ನಾದರೂ ಇಟ್ಟುಕೊಳ್ಳಬಹುದಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಡ. ಕೆಮ್ಮದೆ ಗುಂಡಗೆ ಇರುವ ತಾಯಿ ಹಂದಿಯೇ ಎಷ್ಟೋ ಸಲ ಮರಿಗಳಿಗೆ ರೋಗ ದಾಟಿಸುವುದು. ಆ ಎರಡನ್ನು ಇಟ್ಟುಕೊಂಡರೆ ನೀವು ಖಾಲಿ ಮಾಡಿದ್ದು ಶೆಡ್ ಮಾತ್ರ, ರೋಗ ಅಲ್ಲೇ ಇರುತ್ತದೆ.

ಆದರೆ ಮಾರುವ ಮೊದಲು ರೋಗ ಯಾವುದು ಅಂತ ಗೊತ್ತಾಗಬೇಕು, ಅಲ್ವಾ? ಹಂದಿ ಕಡಿದಾಗ ಶ್ವಾಸಕೋಶ ನೋಡಿ. ಮುಂದಿನ ಕೆಳ ಅಂಚು ಗುಲಾಬಿ ಬಣ್ಣ ಬಿಟ್ಟು ನೇರಳೆ ತಿರುಗಿ, ಮುಟ್ಟಿದರೆ ಮಾಂಸದ ಹಾಗೆ ಗಟ್ಟಿಯಾಗಿದ್ದರೆ ಮೈಕೋಪ್ಲಾಸ್ಮಾ ಅನ್ನುವ ಶ್ವಾಸಕೋಶದ ರೋಗಾಣು ಇರಬಹುದು. ಪಶುವೈದ್ಯರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಕೆಮ್ಮಿಲ್ಲದೆ ಬರೀ ಮೈ ಕಜ್ಜಿಯಾಗಿದ್ದರೆ ಖಾಲಿ ಮಾಡುವ ಗೋಜೇ ಬೇಡ, ಎಲ್ಲಕ್ಕೂ ಒಂದೇ ದಿನ ಕಜ್ಜಿ ಹುಳ ಕೊಲ್ಲುವ ಐವರ್‌ಮೆಕ್ಟಿನ್ ಕೊಡಿಸಿ, 14 ದಿನ ಬಿಟ್ಟು ಇನ್ನೊಮ್ಮೆ. ಜೋರು ಜ್ವರ, ಕಿವಿ ಕೆಂಪಾಗುವುದು, ದಿಢೀರ್ ಸಾವು ಕಂಡರೆ ಮಾತ್ರ ಒಂದು ಹಂದಿಯನ್ನೂ ಮಾರಬೇಡಿ, ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ. ಆಫ್ರಿಕನ್ ಹಂದಿ ಜ್ವರ 2022ರ ಜುಲೈಯಲ್ಲಿ ಪಕ್ಕದ ವಯನಾಡಿನ ಮಾನಂದವಾಡಿಗೇ ಬಂದಿತ್ತು, ನಮ್ಮ ಗಡಿಯ ಕುಟ್ಟದಿಂದ ಅದೇನು ದೂರ?

ಮೈಕೋಪ್ಲಾಸ್ಮಾ ಹಂದಿಯ ಮೈ ಬಿಟ್ಟು ಒಣ ಜಾಗದಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ತೊಳೆದ ಮೇಲೆ ನಾಲ್ಕರಿಂದ ಆರು ವಾರ ಖಾಲಿ ಬಿಟ್ಟರೆ ಧಾರಾಳ ಸಾಕು. ಆದರೆ ಒಣಗಬೇಕು, ನಮ್ಮ ಜೂನ್-ಜುಲೈ ಮಳೆಯಲ್ಲಿ ಅದು ಆಗುವ ಮಾತಲ್ಲ. ಪುತ್ತರಿ, ಕ್ರಿಸ್‌ಮಸ್ ಹೊತ್ತಿಗೆ ಮಾಂಸಕ್ಕೆ ಬೇಡಿಕೆ ಇರುತ್ತದೆ, ಆಗ ಮಾರಿ ಜನವರಿ-ಫೆಬ್ರವರಿ ಬಿಸಿಲಿಗೆ ಶೆಡ್ ಬಿಡಿ. ಕಾಫಿ ಕುಯ್ಲು ಅದೇ ಸಮಯಕ್ಕೆ ಬರುವುದರಿಂದ ಆಳು ಸಿಗುವುದು ಕಷ್ಟ, ಮೊದಲೇ ಹೇಳಿಟ್ಟುಕೊಳ್ಳಿ.

ತೊಳೆಯುವುದೆಂದರೆ ಸುಮ್ನೆ ಪೈಪ್ ಹಿಡಿಯುವುದಲ್ಲ. ಸಗಣಿ ಕೆರೆದು, ಸೋಪು ನೀರು ಹಾಕಿ ಉಜ್ಜಿ, ಒಣಗಿದ ಮೇಲೆ ರೋಗಾಣು ಕೊಲ್ಲುವ ಔಷಧಿ. ಸಗಣಿಯ ಮೇಲೆ ಹೊಡೆದ ಔಷಧಿ ಅಲ್ಲೇ ಸತ್ತುಹೋಗುತ್ತದೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪವರ್ ಸ್ಪ್ರೇಯರ್ ಇದ್ದರೆ ಅದೇ ಸಾಕು. ಟಾರ್ಚ್ ಹಾಕಿ ಮೇವಿನ ತೊಟ್ಟಿಯ ಅಡಿ ನೋಡಿ: ಹಳೇ ಬೂಸಾ, ಸಗಣಿ ಸೇರಿ ಕಲ್ಲಿನಂತೆ ಕಚ್ಚಿಕೊಂಡಿರುತ್ತದೆ, ಅದನ್ನು ಉಳಿಯಿಂದಲೇ ಎಬ್ಬಿಸಬೇಕು. ನೆಲದ ಬಿರುಕಿಗೆ ಸಿಮೆಂಟ್ ಮೆತ್ತಿ, ಗೋಡೆಗೆ ದಪ್ಪನೆ ಸುಣ್ಣ ಬಳಿಸಿ. ಕೊಳೆತ ಹಲಗೆ ಸುಟ್ಟುಬಿಡಿ. ಇಲಿ ಹಿಡಿಯುವ ಕೆಲಸ ಹಂದಿ ಇರುವಾಗಲೇ ಮುಗಿಯಲಿ, ಮೇವು ಖಾಲಿಯಾದ ಕೂಡಲೇ ಅವು ನಿಮ್ಮ ಮನೆಗೆ ನುಗ್ಗುತ್ತವೆ.

ಇನ್ನು ದುಡ್ಡಿನ ಮಾತು. ಎಂಟು ತಿಂಗಳ ಹೆಣ್ಣು ಹಂದಿ ತಂದು ಗಬ್ಬ ಕಟ್ಟಿಸಿದರೆ ಈಯುವುದಕ್ಕೆ 114 ದಿನ, ಆ ಮರಿ ಮಾರಾಟಕ್ಕೆ ಬರಲು ಇನ್ನೂ ಆರೇಳು ತಿಂಗಳು. ಹತ್ತಿರ ಹತ್ತಿರ ಒಂದು ವರ್ಷ ಆದಾಯ ಇರುವುದಿಲ್ಲ. ಈ ಲೆಕ್ಕ ಮನೆಯವರಿಗೆ ಮೊದಲೇ ಹೇಳಿ. ತುಂಬು ಗಬ್ಬದವನ್ನೇ ತಂದರೆ ಮೂರು ತಿಂಗಳು ಉಳಿಯಬಹುದು, ಬೆಲೆ ಮಾತ್ರ ಜಾಸ್ತಿ.

ಎಲ್ಲಿಂದ ತರುತ್ತೀರಿ ಅನ್ನುವುದೇ ಮುಖ್ಯ. ಅಲ್ಲಿ ನಾಲ್ಕು ಇಲ್ಲಿ ನಾಲ್ಕು ಅಂತ ಕೂಡಿಸಿದರೆ ಊರೆಲ್ಲದರ ರೋಗ ಒಟ್ಟಿಗೆ ಬಂತು. ಒಂದೇ ಕಡೆ ತನ್ನಿ. ಮೊದಲು ಹೋಗಿ ಶೆಡ್ಡಿನ ಹೊರಗೆ ಸ್ವಲ್ಪ ಹೊತ್ತು ನಿಂತು ಕೆಮ್ಮು ಕೇಳುತ್ತದಾ ನೋಡಿ, ಸಾಧ್ಯವಾದರೆ ರಕ್ತ ಪರೀಕ್ಷೆ ಮಾಡಿಸಿ.

ಸಲಹೆ ಕೊಟ್ಟ ಆ ಪಕ್ಕದವರೂ ಹಂದಿ ಸಾಕಿದ್ದಾರಾ? ಈ ರೋಗ ಗಾಳಿಯಲ್ಲೂ ಬರುತ್ತದೆ. ಅವರ ಹಂದಿಗಳೂ ಕೆಮ್ಮುತ್ತಿದ್ದರೆ ಇಬ್ಬರೂ ಒಟ್ಟಿಗೇ ಖಾಲಿ ಮಾಡಬೇಕು, ಇಲ್ಲದಿದ್ದರೆ ನಿಮ್ಮ ಖರ್ಚು ನೀರುಪಾಲು. ಲೈನ್‌ಮನೆಯಲ್ಲಿ ಕೆಲಸದವರು ಒಂದೆರಡು ಸಾಕಿದ್ದರೆ ಅವಕ್ಕೂ ಬೆಲೆ ಕೊಟ್ಟು ಇದರ ಜೊತೆಗೇ ಸಾಗಿಸಿ. ಹೊಸ ಹಂದಿ ಬಂದ ಮೇಲೆ ಹೋಂಸ್ಟೇ, ಹೋಟೆಲಿನ ಮುಸುರೆ ತರುವುದು ನಿಲ್ಲಿಸಿ. ಹಂದಿ ಜ್ವರಗಳು ಬರುವ ದೊಡ್ಡ ದಾರಿ ಅದು.