ಗಾಜಿನ ಕೋಣೆ ಬೆಚ್ಚಗಾಗಬೇಕಾ? ಮೊದಲು ಚಾವಣಿ ನೋಡಿ, ಆಮೇಲೆ ಹೀಟರ್

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನಮ್ಮ ಮನೆಯ ಹಿಂದಿನ ಚಳಿಗಾಲಗಳು ನೆನಪಾದವು. ನಿಮ್ಮದು ಮನೆಗೆ ತಾಗಿಕೊಂಡು ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಗಾಜಿನ ಕೋಣೆ. ಹಳೇ ಕಾಲದ ಡಬಲ್ ಗ್ಲಾಸ್, ಮೇಲೆ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ ಶೀಟು. 1500 ವ್ಯಾಟ್‌ನ ಆಯಿಲ್ ಹೀಟರ್ ಇಡೀ ದಿನ ಉರಿದರೂ ಕೂತು ಕೆಲಸ ಮಾಡಲಿಕ್ಕೆ ಆಗುತ್ತಿಲ್ಲ, ಇನ್ನೂ ದೊಡ್ಡದು ತರಲಾ, ಬೇರೆ ಥರದ್ದು ತರಲಾ ಅಂತ ಕೇಳಿದ್ದೀರಿ. ಜೊತೆಗೆ ಕುಂಡದಲ್ಲಿ ಒಂದು ನಿಂಬೆ ಗಿಡವೂ ಇದೆ ಅಂದಿರಿ. ನಮ್ಮ ಕೋಣೆಯೂ ಹೆಚ್ಚುಕಡಿಮೆ ಇದೇ ಅಳತೆಯದು, ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಎರಡು ಚಳಿಗಾಲ ಒದ್ದಾಡಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀವು ದಿನಾ ನಾಲ್ಕಾರು ಗಂಟೆ ಅಲ್ಲಿ ಕೂರುವವರಾದರೆ ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಸ್ಪ್ಲಿಟ್ ಎಸಿ, ಅಂದರೆ ಹೀಟ್ ಪಂಪ್, ಹಾಕಿಸಿ. ಆದರೆ ಅದಕ್ಕೂ ಮುಂಚೆ ಚಾವಣಿ ಸರಿಮಾಡಿಸಿ. ಈ ಕ್ರಮ ತಿರುಗಾಮುರುಗಾ ಆದರೆ ಶಾಖಕ್ಕೆ ಸುರಿದ ದುಡ್ಡು ಮೇಲಿಂದ ಹಾರಿಹೋಗುತ್ತದೆ.

ನಿಮ್ಮ ಆಯಿಲ್ ಹೀಟರ್ ಕೆಟ್ಟಿಲ್ಲ. ಯಾಕೆ ಸಾಲುತ್ತಿಲ್ಲ ಅಂತ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಗಾಜು, ಶೀಟು, ಗೋಡೆ ಯಾವುದೇ ಇರಲಿ, ಅದಕ್ಕೊಂದು ಯು-ವ್ಯಾಲ್ಯೂ ಅಂತ ಇರುತ್ತದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಮೂಲಕ ಎಷ್ಟು ವ್ಯಾಟ್ ಶಾಖ ಹೊರಗೆ ಹೋಗುತ್ತದೆ ಅನ್ನುವ ಸಂಖ್ಯೆ ಅದು. ಒಂಟಿ ಗಾಜಿಗೆ ಇದು 5ರ ಮೇಲೆ. ಹಳೇ ಡಬಲ್ ಗ್ಲಾಸಿಗೆ 2.8ರ ಸುತ್ತಮುತ್ತ. ಈಗಿನ ಕೋಟಿಂಗ್ ಇರುವ, ಎರಡು ಪದರದ ಮಧ್ಯೆ ಆರ್ಗಾನ್ ಅನಿಲ ತುಂಬಿದ ಗಾಜಿಗೆ 1.2ರಷ್ಟು. 16 ಮಿಲಿಮೀಟರ್ ಪಾಲಿಕಾರ್ಬೊನೇಟ್‌ಗೆ ಸುಮಾರು 2.4. ಚೆನ್ನಾಗಿ ಇನ್ಸುಲೇಶನ್ ಮಾಡಿದ, ಅಂದರೆ ಶಾಖ ಸೋರದಂತೆ ಪದರ ಹಾಕಿದ, ಗೋಡೆಗೆ 0.3 ಅಥವಾ ಅದಕ್ಕೂ ಕಡಿಮೆ. ಅಂದರೆ ಒಳ್ಳೆ ಗೋಡೆಯ ಪಕ್ಕ ನಿಮ್ಮ ಗಾಜು ನಿಂತರೆ ಹತ್ತತ್ತಿರ ಒಂಬತ್ತು ಪಟ್ಟು ಸೋರುತ್ತದೆ.

ನಿಮ್ಮ ಕೋಣೆಗೆ ಮೂರು ಕಡೆ ಗಾಜು, ಎತ್ತರ 2.1 ಮೀಟರ್ ಅಂದುಕೊಂಡರೆ ಗಾಜು 21 ಚದರ ಮೀಟರ್ ಆಯಿತು. ಇಳಿಜಾರು ಚಾವಣಿ ಸುಮಾರು 13. ಹೊರಗೆ 2 ಡಿಗ್ರಿ, ಒಳಗೆ 20 ಬೇಕು ಅಂದರೆ ವ್ಯತ್ಯಾಸ 18. ಗಾಜಿನಿಂದ 1050 ವ್ಯಾಟ್, ಚಾವಣಿಯಿಂದ 560, ನೆಲದಿಂದಲೂ ಸಂದಿಗಳ ಗಾಳಿಯಿಂದಲೂ ಸೇರಿ ಇನ್ನೊಂದು 300 ಚಿಲ್ಲರೆ. ಒಟ್ಟು ಎರಡು ಕಿಲೋವ್ಯಾಟ್ ಹತ್ತಿರ ಬರುತ್ತದೆ. ನಿಮ್ಮ ಹೀಟರ್ ಕೊಡುವುದು ಒಂದೂವರೆ. ಹಾಗಾಗಿ ಎಷ್ಟು ಹೊತ್ತು ಉರಿದರೂ 16 ಡಿಗ್ರಿ ಹತ್ತಿರ ಹೋಗಿ ನಿಂತುಬಿಡುತ್ತದೆ. ಅದೂ ತಣ್ಣಗಿರುವ ನೆಲ, ಮೇಜು, ಕುರ್ಚಿ ಎಲ್ಲ ಬಿಸಿಯಾದ ಮೇಲೆ!

ಇಲ್ಲಿ ಇನ್ನೊಂದು ವಿಷಯ ಇದೆ, ನನಗೆ ಅದು ಅರ್ಥ ಆಗಿದ್ದು ಅಮ್ಮನಿಂದ. ನಮ್ಮ ಕೋಣೆಯಲ್ಲಿ ಸಂಜೆ ಬೆಳಕು ಚೆನ್ನಾಗಿ ಬರುತ್ತದೆ ಅಂತ ಅಮ್ಮ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಹೊಲಿಗೆ ಹಾಕುತ್ತಿದ್ದರು. ಆಗ ನಾನು ಹೀಟರ್ ಮೇಲೆ ಹೀಟರ್ ಇಟ್ಟು ಗಾಳಿಯನ್ನು 20 ಡಿಗ್ರಿಗೆ ತಂದಿದ್ದೆ. ಗೋಡೆಯ ಥರ್ಮಾಮೀಟರ್ ತೋರಿಸಿ "ನೋಡಮ್ಮ, ಇಪ್ಪತ್ತಾಗಿದೆ" ಅಂದೆ. ಅಮ್ಮ ಶಾಲನ್ನು ಇನ್ನೂ ಬಿಗಿಯಾಗಿ ಹೊದ್ದುಕೊಂಡು, "ಈ ಬಲಭುಜ ಕೊರೆಯುತ್ತೆ ಕಣೋ" ಅಂದರು. ಬಲಗಡೆಯೇ ಗಾಜು ಇದ್ದದ್ದು. ಮರುದಿನ ಗುಂಡಿ ಒತ್ತಿದರೆ ಮೇಲ್ಮೈ ಬಿಸಿ ತೋರಿಸುವ ಸಣ್ಣ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಗಾಜಿಗೆ ಹಿಡಿದೆ. 13 ಡಿಗ್ರಿ ತೋರಿಸಿತು. ಮನೆಯ ಕಡೆಯ ಗೋಡೆಗೆ ಹಿಡಿದರೆ 19. ಅಮ್ಮ ಹೇಳಿದ್ದೇ ಸರಿ. ನಮ್ಮ ಮೈ ಗಾಳಿಯ ಬಿಸಿಯನ್ನಷ್ಟೇ ಅರಿಯುವುದಿಲ್ಲ, ಸುತ್ತಲಿನ ತಣ್ಣನೆ ಮೇಲ್ಮೈಗಳಿಗೂ ಶಾಖ ಸೂಸುತ್ತಿರುತ್ತದೆ. ಗಾಳಿ 20, ಸುತ್ತಲ ಗಾಜು 13 ಇದ್ದರೆ ಮೈಗೆ 16, 17ರ ಹಾಗೆ ಅನ್ನಿಸುತ್ತದೆ. ಅದಕ್ಕೇ ಬರೀ ಗಾಳಿ ಬಿಸಿ ಮಾಡುತ್ತಾ ಹೋದರೆ ತೃಪ್ತಿಯೇ ಸಿಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಚಾವಣಿ. ಬಿಸಿಗಾಳಿ ಮೇಲೇರಿ ಅಲ್ಲೇ ಕೂರುತ್ತದೆ, ರಾತ್ರಿ ನಿರ್ಮಲ ಆಕಾಶ ಇದ್ದರೆ ಚಾವಣಿ ಇನ್ನೂ ಬೇಗ ತಣ್ಣಗಾಗುತ್ತದೆ. ನಾವು ಪಾಲಿಕಾರ್ಬೊನೇಟ್ ಶೀಟುಗಳನ್ನು ತೆಗೆಸಿ, ಅದೇ ಪಟ್ಟಿಗಳ ನಡುವೆ ಕೂರುವಂಥ ಇನ್ಸುಲೇಶನ್ ಪ್ಯಾನೆಲ್ ಹಾಕಿಸಿದೆವು. ಎಲ್ಲ ಮುಚ್ಚಿದರೆ ಪಕ್ಕದ ಕೋಣೆ ಕತ್ತಲಾಗುತ್ತದೆ ಅಂತ ಎರಡು ಶೀಟು ಹಾಗೇ ಬಿಟ್ಟೆವು. ಅದು ಬಿಟ್ಟದ್ದು ಒಳ್ಳೆಯದೇ ಆಯಿತು, ಗಾಜಿನ ಕೋಣೆ ಅನ್ನಿಸಿಕೊಳ್ಳಲು ಬೆಳಕು ಬೇಕಲ್ವಾ. ನಿಮ್ಮ ಲೆಕ್ಕದಲ್ಲಿ ಇದೊಂದೇ ಕೆಲಸ ಸುಮಾರು 400ರಿಂದ 500 ವ್ಯಾಟ್ ಉಳಿಸುತ್ತದೆ. ಒಂದು ಎಚ್ಚರಿಕೆ: ಹಳೇ ಫ್ರೇಮಿನ ಮೇಲೆ ಹೆಂಚಿನಂಥ ಭಾರದ ಚಾವಣಿ ಕೂರಿಸುವ ಯೋಚನೆ ಇದ್ದರೆ ಫ್ರೇಮ್ ತಡೆಯುತ್ತದಾ ಅಂತ ಎಂಜಿನಿಯರ್ ಹತ್ತಿರ ನೋಡಿಸಿಯೇ ಮುಂದುವರಿಯಿರಿ. ಒಳಗಿನ ಆವಿ ಇನ್ಸುಲೇಶನ್ ಒಳಗೆ ನುಗ್ಗದಂತೆ ತಡೆಪದರವೂ ಇರಬೇಕು. ಇಲ್ಲದಿದ್ದರೆ ಅಲ್ಲೇ ನೀರಾಗಿ, ಬೂಷ್ಟು ಹಿಡಿದು, ಕಲೆ ಬಿದ್ದಾಗಲೇ ಗೊತ್ತಾಗುವುದು.

ಚಾವಣಿ ಈ ವರ್ಷ ಆಗುವುದಿಲ್ಲ ಅಂದರೆ ಜೇನುಗೂಡಿನಂತೆ ಒಳಗೆ ಗಾಳಿಪೊಟ್ಟಣ ಇರುವ ಬ್ಲೈಂಡ್‌ಗಳನ್ನಾದರೂ ಹಾಕಿಸಿ. ಚೌಕಟ್ಟಿಗೆ ಬಿಗಿಯಾಗಿ ಕೂರಬೇಕು. ಸಂದಿ ಬಿಟ್ಟರೆ ತಣ್ಣನೆ ಗಾಳಿ ಗಾಜಿನಗುಂಟ ಜಾರಿ ಕೆಳಗಿಂದ ಹೊರಬರುತ್ತದೆ. ಸಂಜೆ ಬಿಸಿಲು ಹೋಗುತ್ತಿದ್ದ ಹಾಗೇ ಇಳಿಸಬೇಕು.

ಸಂದಿಗಳನ್ನು ಹುಡುಕುವುದು ಸುಲಭ. ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ ಬಾಗಿಲಿನ ಅಂಚು, ಕಿಟಕಿಯ ಮೂಲೆ, ಚಾವಣಿ ಮನೆಯ ಗೋಡೆಗೆ ಸೇರುವ ಜಾಗ, ಎಲ್ಲ ಕಡೆ ನಿಧಾನಕ್ಕೆ ಹಿಡಿದು ಹೋಗಿ. ಪರದೆ ಪಕ್ಕ ಮಾತ್ರ ಜೋಪಾನ. ಹೊಗೆ ನೆಟ್ಟಗೆ ಹೋಗುತ್ತಿದ್ದದ್ದು ತಟ್ಟನೆ ಮುರಿದು ಒಳಗೆ ಬಾಗಿದರೆ ಅಲ್ಲೇ ಸಂದಿ. ನಮ್ಮಲ್ಲಿ ಜೋಡಿ ಬಾಗಿಲುಗಳು ಸೇರುವ ಕಡೆ ರಬ್ಬರ್ ಪಟ್ಟಿ ಒಣಗಿ ಒಂದು ಬೆರಳುದ್ದ ಹರಿದುಹೋಗಿತ್ತು. ಬದಲಾಯಿಸಲು ಅರ್ಧ ಗಂಟೆ ಹಿಡಿಯಿತು.

ಈಗ ಹೀಟರ್ ವಿಷಯ. ಆಯಿಲ್ ಹೀಟರ್, ಫ್ಯಾನ್ ಹೀಟರ್, ಸೆರಾಮಿಕ್, ಪ್ಯಾನೆಲ್ ಹೀಟರ್, ಎಲ್ಲವೂ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖವನ್ನೇ ಕೊಡುವುದು. "ಕಡಿಮೆ ಕರೆಂಟಿನಲ್ಲಿ ಜಾಸ್ತಿ ಶಾಖ" ಅಂತ ಡಬ್ಬದ ಮೇಲೆ ಏನೇ ಬರೆದಿರಲಿ, ಈ ಗುಂಪಿನಲ್ಲಿ ಒಂದು ಇನ್ನೊಂದಕ್ಕಿಂತ ಮೇಲಲ್ಲ. ಫ್ಯಾನ್ ಹೀಟರ್ ಬೇಗ ಬಿಸಿ ಮಾಡುತ್ತದೆ, ಸದ್ದು ಮಾಡುತ್ತದೆ. ಆಯಿಲ್ ಹೀಟರ್ ನಿಧಾನ, ಸದ್ದಿಲ್ಲ. ವ್ಯತ್ಯಾಸ ಅಷ್ಟೇ. ನಾನು ಮೊದಲ ವರ್ಷ ಆಯಿಲ್ ಬಿಟ್ಟು ಸೆರಾಮಿಕ್ ತಂದು, ಬಿಲ್ಲು ಇಳಿಯುತ್ತದೆ ಅಂತ ಕಾದೆ. ಇಳಿಯಲಿಲ್ಲ. 2 ಕಿಲೋವ್ಯಾಟ್ ಹೀಟರ್ 230 ವೋಲ್ಟಿನಲ್ಲಿ 8.7 ಆಂಪ್ಸ್ ಎಳೆಯುತ್ತದೆ, ಅದನ್ನು ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಲೇಬೇಡಿ. ಸುತ್ತಿಟ್ಟ ವೈರು ಒಳಗೊಳಗೇ ಕಾದು ಕರಗುತ್ತದೆ.

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ಒಳಗೆ ತರುತ್ತದೆ. ಹೊರಗೆ 2 ಡಿಗ್ರಿ ಇದ್ದರೂ ಆ ಗಾಳಿಯಲ್ಲಿ ಶಾಖ ಇದ್ದೇ ಇದೆ, ಫ್ರಿಜ್ಜು ಒಳಗಿನ ಶಾಖವನ್ನು ಹಿಂದಿನಿಂದ ಹೊರಹಾಕುತ್ತದಲ್ಲ, ಅದೇ ಕೆಲಸ ತಿರುಗಿಸಿ ಮಾಡಿದ ಹಾಗೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಆಸುಪಾಸು ಶಾಖ ಸಿಗುತ್ತದೆ. ಚಳಿ ಹೆಚ್ಚಾದಷ್ಟೂ ಇದು ಇಳಿಯುತ್ತದೆ, ಆದರೂ ಸಾದಾ ಹೀಟರಿಗಿಂತ ಮೇಲೇ ಇರುತ್ತದೆ. ನಿಮ್ಮ ಕೋಣೆಗೆ 2.5 ಕಿಲೋವ್ಯಾಟ್ ಶಾಖ ಕೊಡುವ ಯಂತ್ರ ಸಾಕು, ಆದರೆ ನಿಮ್ಮ ಕಡೆಯ ಅತಿ ಚಳಿಯ ದಿನ ಅದು ಎಷ್ಟು ಕೊಡುತ್ತದೆ ಅಂತ ಕಂಪನಿಯವರ ಕೋಷ್ಟಕ ನೋಡಿ. ಡಬ್ಬದ ಮೇಲಿನ ಸಂಖ್ಯೆ ಸಾಮಾನ್ಯವಾಗಿ 7 ಡಿಗ್ರಿಗೆ ಅಳೆದದ್ದು.

ಹಾಕಿಸುವಾಗ ನಾನು ಕಲಿತ ಎರಡು ಮೂರು ಮಾತು. ಸಾಧ್ಯವಾದರೆ ನೆಲದ ಹತ್ತಿರ ಕೂರುವ ಮಾದರಿ ತಗೊಳ್ಳಿ. ಮೇಲೆ ಕೂರಿಸಿದರೆ ಬಿಸಿಗಾಳಿ ಮೇಲೆಯೇ ತಿರುಗುತ್ತದೆ, ಕಾಲು ತಣ್ಣಗೇ ಉಳಿಯುತ್ತದೆ. ಒಳಗಿನ ಯಂತ್ರವನ್ನು ಮನೆಯ ಗಟ್ಟಿ ಗೋಡೆಗೆ ಕೂರಿಸಿ, ಗಾಜಿನ ಫ್ರೇಮಿಗೆ ಬೇಡ. ಇನ್ನು ಹೊರಗಿನ ಯಂತ್ರ: ಚಳಿಯಲ್ಲಿ ಅದರ ಮೇಲೆ ಹಿಮ ಕಟ್ಟುತ್ತದೆ, ಆಗಾಗ ಕೆಲವು ನಿಮಿಷ ಬಿಸಿಗಾಳಿ ನಿಲ್ಲಿಸಿ ಅದನ್ನು ಕರಗಿಸಿಕೊಳ್ಳುತ್ತದೆ. ಆಗ ಹೊಗೆಯಂತೆ ಆವಿ ಏಳುವುದು ನೋಡಿ ಗಾಬರಿ ಬೇಡ. ಆದರೆ ಆ ನೀರು ಕೆಳಗೆ ಸುರಿದು ಹೆಪ್ಪುಗಟ್ಟುತ್ತದೆ, ಆದ್ದರಿಂದ ನಡೆದಾಡುವ ದಾರಿಯ ಪಕ್ಕ ಇಡಿಸಬೇಡಿ. ಬೇಸಿಗೆಯಲ್ಲಿ ಅದೇ ಯಂತ್ರ ತಂಪು ಮಾಡುತ್ತದೆ. ಗಾಜಿನ ಕೋಣೆಗೆ ಅದೂ ಅಷ್ಟೇ ಬೇಕು.

ದಿನಕ್ಕೆ ಒಂದೋ ಎರಡೋ ಗಂಟೆ, ಅದೂ ಒಂದೇ ಜಾಗದಲ್ಲಿ ಕೂರುವವರಾದರೆ ಎಸಿಗೆ ದುಡ್ಡು ಹಾಕಬೇಡಿ, ಇನ್‌ಫ್ರಾರೆಡ್ ಪ್ಯಾನೆಲ್ ನೋಡಿ. 600 ವ್ಯಾಟ್‌ನ ಒಂದು ಪ್ಯಾನೆಲ್ ಕುರ್ಚಿಯ ಮೇಲೆ ಒಂದೂವರೆ ಎರಡು ಮೀಟರ್ ದೂರದಲ್ಲಿ ಇದ್ದರೆ ಕೆಲವೇ ನಿಮಿಷದಲ್ಲಿ ಎಳೆಬಿಸಿಲಿಗೆ ಕೂತ ಹಾಗೆ ಅನ್ನಿಸುತ್ತದೆ. ಅದು ನಿಮ್ಮ ಮೈಯನ್ನು ಬಿಸಿ ಮಾಡುತ್ತದೆ, ಕೋಣೆಯನ್ನಲ್ಲ. ಗಾಜಿಗೆ ಮುಖ ಮಾಡಿ ಇಡಬೇಡಿ, ಆ ಶಾಖವನ್ನು ಗಾಜು ಹೀರಿ ಹೊರಗೆ ಕಳೆಯುತ್ತದೆ. ಅಮ್ಮನ ಕುರ್ಚಿಯ ಮೇಲೆ ನಾವು ಇಂಥದ್ದೊಂದು ಹಾಕಿಸಿದ್ದೇವೆ, ಎಸಿ ಬಂದ ಮೇಲೂ ಅವರಿಗೆ ಅದೇ ಇಷ್ಟ.

ನೆಲದಡಿ ಬಿಸಿ ಮಾಡುವ ಮ್ಯಾಟ್ ಪಾದಕ್ಕೆ ಸುಖ, ಆದರೆ ನೆಲ ಅಗೆಯುವ ಕೆಲಸ ಹೇಗೂ ಇದ್ದರೆ ಮಾತ್ರ, ಅದೂ ಕೆಳಗೆ ಇನ್ಸುಲೇಶನ್ ಹಾಕಿ. ಮನೆಯ ಬಿಸಿನೀರಿನ ರೇಡಿಯೇಟರ್ ಇದ್ದವರು ಪೈಪು ಎಳೆಯಬಹುದು. ಆಗ ಈ ಕೋಣೆಗೆ ಬೇರೆ ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ತಾನೇ ಆನ್-ಆಫ್ ಮಾಡುವ ಸಾಧನ), ಬೇರೆ ವಾಲ್ವ್ ಬೇಕು. ಸುಮ್ನೆ ಸೇರಿಸಿದರೆ ಗಾಜಿನ ಕೋಣೆ ಇಡೀ ಮನೆಯ ಶಾಖ ಹೀರುತ್ತದೆ, ನಿಲ್ಲಿಸಿಟ್ಟರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದೆ. ಕೆಲವು ಕಡೆ ಕಟ್ಟಡದ ನಿಯಮಗಳು ಇದಕ್ಕೆ ಅಡ್ಡ ಬರುತ್ತವೆ, ಮೊದಲೇ ವಿಚಾರಿಸಿ.

ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರ್, ಸೀಮೆಎಣ್ಣೆ ಹೀಟರ್ ಮಾತ್ರ ದಯವಿಟ್ಟು ಬೇಡ. ಸಂದಿಗಳನ್ನೆಲ್ಲ ಮುಚ್ಚಿದ ಸಣ್ಣ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೇ ಬರುವುದಿಲ್ಲ, ತಲೆ ಭಾರವಾಗಿ ನಿದ್ದೆ ಬಂದ ಹಾಗೆ ಆಗುತ್ತದೆ, ಎದ್ದೇಳುವುದಿಲ್ಲ. ಜೊತೆಗೆ ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಕೋಣೆ ಸೇರುತ್ತದೆ. ಒಂದು ಕಿಲೋ ಎಲ್‌ಪಿಜಿಗೆ ಒಂದೂವರೆ ಕಿಲೋಗೂ ಜಾಸ್ತಿ. ಅಷ್ಟೂ ನಿಮ್ಮ ಗಾಜಿನ ಮೇಲೆ ಇಳಿಯುತ್ತದೆ. ಇದೇ ಕಾರಣಕ್ಕೆ ಒದ್ದೆ ಬಟ್ಟೆಯನ್ನೂ ಅಲ್ಲಿ ಒಣಹಾಕಬೇಡಿ.

ನಿಂಬೆ ಗಿಡಕ್ಕೆ ನಿಮ್ಮಷ್ಟು ಶಾಖ ಬೇಕಾಗಿಲ್ಲ. ರಾತ್ರಿ 5 ಡಿಗ್ರಿಗಿಂತ ಕೆಳಗೆ ಹೋಗದಿದ್ದರೆ ಸಾಕು. ಥರ್ಮೋಸ್ಟಾಟ್ ಇರುವ ಕೊಳವೆ ಥರದ ಸಣ್ಣ ಹೀಟರ್ ಒಂದನ್ನು ಗಿಡದ ಹತ್ತಿರ ಇಟ್ಟು, ಹತ್ತಿರದ ಗಾಜಿಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿ. ರಾತ್ರಿಯಿಡೀ ಕೋಣೆ ಕಾಯಿಸುವುದು ತಪ್ಪುತ್ತದೆ. ಕುಂಡವನ್ನು ಮಾತ್ರ ತಣ್ಣನೆ ನೆಲದ ಮೇಲೆ ಇಡಬೇಡಿ, ಮರದ ಮಣೆಯ ಮೇಲೆ ಎತ್ತಿಡಿ. ಬೇರು ತಣ್ಣಗಿದ್ದು ಮೇಲೆ ಬಿಸಿಲು ಕಾಯಿಸಿದರೆ ನಿಂಬೆ ಎಲೆ ಉದುರಿಸುತ್ತದೆ. ನಮ್ಮದು ಒಂದೇ ವಾರದಲ್ಲಿ ಅರ್ಧ ಬೋಳಾಗಿತ್ತು, ನೋಡಿ ಹೊಟ್ಟೆ ಉರಿದುಹೋಯಿತು. ಮಣೆ ಕೊಟ್ಟ ಮೇಲೆ ಚಿಗುರಿತು.

ಬಿಸಿಲಿನ ದಿನ ಮಧ್ಯಾಹ್ನ ಗಾಜಿನ ಕೋಣೆ ಮನೆಗಿಂತ ಬೆಚ್ಚಗಾದರೆ ನಡುವಿನ ಬಾಗಿಲು ತೆರೆದಿಡಿ, ಪುಕ್ಕಟೆ ಶಾಖ ಮನೆಯೊಳಗೆ ಬರಲಿ. ಬಿಸಿಲು ಇಳಿದ ಮೇಲೆ ಮುಚ್ಚುವುದು ಮರೆಯಬೇಡಿ.

ನಿಮ್ಮ ಪಾಲಿಕಾರ್ಬೊನೇಟ್ ಶೀಟು ಎಷ್ಟು ಮಿಲಿಮೀಟರ್ ದಪ್ಪ ಇದೆ, ನಿಮ್ಮ ಕಡೆ ಚಳಿ ಎಷ್ಟು ಡಿಗ್ರಿಗೆ ಇಳಿಯುತ್ತದೆ, ದಿನಕ್ಕೆ ಎಷ್ಟು ಗಂಟೆ ಅಲ್ಲಿ ಕೂರುತ್ತೀರಿ, ಈ ಮೂರು ಬರೆದು ಕಳಿಸಿ. ಎಷ್ಟು ಕಿಲೋವ್ಯಾಟ್ ಬೇಕು ಅಂತ ಸರಿಯಾಗಿ ಲೆಕ್ಕ ಹಾಕಿ ಹೇಳುತ್ತೇನೆ.